ಒಂದೇ ವಿಳಾಸದ ಹಿಂದೆ ನಮ್ಮೂರೆಲ್ಲ

ಮೊನ್ನೆ ಸಂಜೆ ನನ್ನ ಅಂಗಡಿಗೆ ಪಿಯುಸಿ ಓದುವ ಹುಡುಗಿಯೊಬ್ಬಳು ಬಂದಳು. ಸ್ಕಾಲರ್‌ಶಿಪ್ ಅರ್ಜಿಗೆ ಅವತ್ತೇ ಕಡೇ ದಿನ. ಹೊರಗೆ ಪುಷ್ಯ ಮಳೆ. ಕರೆಂಟಿಲ್ಲ, ಇನ್ವರ್ಟರ್ ಮೇಲೆ ಕೆಲಸ. ಪುಟ ತೆರೆದರೆ ಒಂದೇ ಸಾಲು: ನಿಮ್ಮ ಐಪಿ ವಿಳಾಸವನ್ನು ನಿರ್ಬಂಧಿಸಲಾಗಿದೆ.

"ಅಣ್ಣಾ, ನಾನಿನ್ನೂ ಹೆಸರೇ ಹಾಕಿಲ್ಲ. ಏನು ತಪ್ಪು ಮಾಡಿದೆ?" ಅಂದಳು.

ಅವಳು ಏನೂ ಮಾಡಿಲ್ಲ. ಐಪಿ ವಿಳಾಸ ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ಆ ಮುಖ ನೋಡಿದ ಮೇಲೆ ಇದನ್ನು ಬರೆಯಲೇಬೇಕು ಅನಿಸಿತು.

ನಮ್ಮ ತೀರ್ಥಹಳ್ಳಿ ಕಡೆ ಮನೆಗಳು ಹೇಗಿರುತ್ತವೆ ಗೊತ್ತಲ್ವಾ? ಗುಡ್ಡಕ್ಕೊಂದು, ತೋಟಕ್ಕೊಂದು. ನಾನು ಚಿಕ್ಕವನಿದ್ದಾಗ ಬಸ್ ನಿಲ್ಲುವಲ್ಲಿನ ಅಂಗಡಿಗೇ ಎಲ್ಲರ ಟಪಾಲೂ ಬರುತ್ತಿತ್ತು. ನಲವತ್ತು ಮನೆಗೆ ಅದೊಂದೇ ವಿಳಾಸ. ಯಾವ ಕಾಗದ ಯಾರ ಮನೆಗೆ ಅಂತ ಅಂಗಡಿಯವರಿಗೆ ಮಾತ್ರ ಗೊತ್ತು. ಈಗ ಇಂಟರ್ನೆಟ್ಟೂ ಹಾಗೇ ಆಗಿದೆ. ಹೊರಗಿನವರಿಗೆ ಕಾಣುವುದು ಇಂಟರ್ನೆಟ್ ಕೊಡುವ ಕಂಪನಿಯ ಒಂದು ವಿಳಾಸ, ಅದರ ಹಿಂದೆ ನೂರಾರು ಮನೆ. ಇದನ್ನು ಸಿಜಿನ್ಯಾಟ್ ಅಂತಾರೆ. ನಿಮ್ಮ ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ವಿಳಾಸ, ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ನೀವೂ ಇದರಲ್ಲೇ ಇದ್ದೀರಿ. ಆ ವಿಳಾಸಗಳ ಸಾಲನ್ನು 2012ರಲ್ಲಿ ಇದಕ್ಕೆಂದೇ ಎತ್ತಿಟ್ಟರು.

ಆ ನೂರಾರು ಮನೆಯಲ್ಲಿ ಯಾರದೋ ಕಂಪ್ಯೂಟರಿಗೆ ವೈರಸ್ ಹೊಕ್ಕು ಸ್ಪ್ಯಾಮ್ ಕಳಿಸಿದರೂ ಸಾಕು, ವೆಬ್‌ಸೈಟ್ ಇಡೀ ವಿಳಾಸವನ್ನೇ ಬಂದ್ ಮಾಡುತ್ತದೆ. ಯಾರೂ ತಪ್ಪು ಮಾಡದಿದ್ದರೂ ಕಡೇ ದಿನ ಎಲ್ಲರೂ ಒಟ್ಟಿಗೆ ಅರ್ಜಿ ಹಾಕಿದರೆ, ಆ ಕಡೆಗೆ ಅದು ಒಬ್ಬನೇ ನೂರು ಸಲ ಬಾಗಿಲು ಬಡಿದ ಹಾಗೆ ಕಾಣುತ್ತದೆ. ಯಾರೋ ಒಬ್ಬ ಸಾಲ ಕಟ್ಟಲಿಲ್ಲ ಅಂತ ಅಂಗಡಿಗೆ ಬರುವ ಟಪಾಲೆಲ್ಲ ನಿಲ್ಲಿಸಿದರೆ ಒಪ್ಪುತ್ತಿದ್ದೆವಾ?

ವಿಳಾಸ ಯಾಕೆ ಹಂಚಿಕೊಳ್ಳಬೇಕು ಅಂದರೆ, ಹಳೇ ಪದ್ಧತಿಯಲ್ಲಿ, ಅಂದರೆ ಐಪಿವಿ4ರಲ್ಲಿ, ಇರುವುದೇ ಸುಮಾರು 429 ಕೋಟಿ ವಿಳಾಸ. ಮೊದಲು ಬಂದವರು ಧಾರಾಳವಾಗಿ ತಗೊಂಡರು. ಅಮೆರಿಕದ ಎಂಐಟಿ ಅನ್ನೋ ಒಂದೇ ವಿದ್ಯಾಸಂಸ್ಥೆಯ ಹತ್ತಿರ 1.6 ಕೋಟಿಗೂ ಜಾಸ್ತಿ ಇತ್ತು. 2017ರಲ್ಲಿ ಅದರಲ್ಲಿ ಒಂದು ಪಾಲನ್ನು ಮಾರಲು ಹೊರಟರು. ಜಗತ್ತಿನ ಮೂಲ ದಾಸ್ತಾನು 2011ರ ಫೆಬ್ರವರಿ 3ಕ್ಕೇ ಖಾಲಿ. ನಮ್ಮ ಹಳ್ಳಿಗಳಿಗೆ ಕೇಬಲ್ ಬಂದದ್ದು ಆಮೇಲೆ. ತಡವಾಗಿ ಬಂದವರಿಗೆ ಪಂಕ್ತಿಯಲ್ಲಿ ಒಂದೇ ಎಲೆ, ಎಲ್ಲರೂ ಹಂಚಿಕೊಂಡು ಉಣ್ಣಬೇಕು.

ಐಪಿಯಿಂದ ಊರು ಹೇಳುವುದೂ ಬರೀ ಅಂದಾಜು. ಇಲ್ಲಿ ಹಂಚಿನ ಮೇಲೆ ಧೋ ಅಂತ ಮಳೆ ಸುರಿಯುವಾಗ ನನ್ನ ಕಂಪ್ಯೂಟರ್ ಚೆನ್ನೈ ಬಿಸಿಲು ತೋರಿಸುತ್ತದೆ. ಅದು ಬಿಡಿ, ಅದರಿಂದ ನಷ್ಟವಿಲ್ಲ.

ನಷ್ಟ ಆಗುವುದು ಬೇರೆ ಕಡೆ. ಜರ್ಮನಿಯಲ್ಲಿರುವ ಅಕ್ಕನ ಮಗ ರಾತ್ರಿ ಫೋನ್ ಮಾಡಿ, "ಮಾವ, ಅಪ್ಪನ ಜಮೀನಿನ ದಾಖಲೆ ನೋಡೋಣ ಅಂದ್ರೆ ಪುಟಾನೇ ತೆರೀತಿಲ್ಲ" ಅಂದ. ಅದೇ ಪುಟ ನನ್ನಲ್ಲಿ ತಕ್ಷಣ ತೆರೆಯಿತು. ಹೊರದೇಶದ ಐಪಿಗಳನ್ನೇ ತಡೆದಿದ್ದಾರೆ. ದಾಳಿ ತಡೆಯಲು ಅನ್ನುವುದು ನನಗೆ ಅರ್ಥವಾಗುತ್ತದೆ. ಆದರೆ ಕೆಟ್ಟದ್ದು ಮಾಡಲು ಹೊರಟವನು ಭಾರತದ ವಿಳಾಸವನ್ನು ಎರವಲು ತಗೊಂಡು ಒಳಗೆ ಬರುತ್ತಾನೆ. ಹೊರಗೆ ಉಳಿಯುವವನು ಅಪ್ಪನ ತೋಟದ ಲೆಕ್ಕ ನೋಡಬೇಕಾದ ಮಗ.

ವೆಬ್‌ಸೈಟ್ ಕಟ್ಟುವ ನಮ್ಮ ಹುಡುಗರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದೀರಿ. ನಿಮ್ಮಲ್ಲಿ ಕೇಳುತ್ತೇನೆ. ಐಪಿ ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ಲಾಗಿನ್ ನೋಡಿ, ಒಳಗೆ ಬಂದವರು ಏನು ಮಾಡುತ್ತಿದ್ದಾರೆ ಅಂತ ನೋಡಿ. ತಡೆಯಲೇಬೇಕಾದರೆ ಸ್ವಲ್ಪ ಹೊತ್ತು ತಡೆಯಿರಿ, ದೂರು ಹೇಳಲು ಒಂದು ಫೋನ್ ನಂಬರ್ ಆದರೂ ಕೊಡಿ. ನಿಮ್ಮ ಸೈಟಿಗೆ ಹೊಸ ಪದ್ಧತಿ, ಅಂದರೆ ಐಪಿವಿ6 ಹಾಕಿ. ಅದರಲ್ಲಿ ವಿಳಾಸಕ್ಕೆ ಬರವಿಲ್ಲ. ನಮ್ಮ ಮೊಬೈಲ್‌ಗಳಲ್ಲಿ ಅದು ಆಗಲೇ ಬಂದಿದೆ. ಎಷ್ಟೋ ಸೈಟುಗಳಲ್ಲಿ ಇನ್ನೂ ಇಲ್ಲ.

ಅವತ್ತು ಹುಡುಗಿಗೆ ನನ್ನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟೆ. ಸಿಗ್ನಲ್ ಒಂದು ಕಡ್ಡಿ. ಫೋನನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದು ನಿಂತೆ, ಅವಳು ಟೈಪ್ ಮಾಡಿದಳು. ಒಂಬತ್ತೂಕಾಲಿಗೆ ಅರ್ಜಿ ಹೋಯಿತು. ಮರುದಿನ ನಮ್ಮ ಕೇಬಲ್ಲಿನವರಿಗೆ ಫೋನ್ ಮಾಡಿ ಐಪಿವಿ6 ಯಾವಾಗ ಕೊಡ್ತೀರಿ ಅಂತ ಕೇಳಿದೆ. ಮಳೆಗಾಲ ಮುಗೀಲಿ, ನೋಡೋಣ ಅಂದಿದ್ದಾರೆ. ದೀಪಾವಳಿಗೆ ಮತ್ತೆ ಕೇಳುತ್ತೇನೆ.