ಬಗ್ಗದ ಸೋಂಕಿಗೆ ಆಂಟಿಬಯಾಟಿಕ್ ಜೊತೆ ಬೆಳ್ಳಿ ನೀರು: ಪರ-ವಿರೋಧ

ಪರ: ಕುಡಿಯಲು ಬೇಡ, ಗಾಯಕ್ಕೆ ಬೇಕು

ಬೆಳ್ಳಿ ನೀರು ಅಂದರೆ ಬೆಳ್ಳಿಯ ಅಯಾನು (ವಿದ್ಯುದಂಶ ಹೊತ್ತ ಪರಮಾಣು) ಇಲ್ಲವೇ ಸಣ್ಣ ಕಣ ಬೆರೆತ ನೀರು. ಆಂಟಿಬಯಾಟಿಕ್‌ಗೆ ಬಗ್ಗದ ಸೋಂಕಿಗೆ ಬೆಳ್ಳಿಯನ್ನೂ ಜೊತೆಗೆ ಬಳಸಬಹುದೇ ಎಂಬುದು ಪ್ರಶ್ನೆ. ಗಾಯದ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ವರದಿಯಲ್ಲಿ ಎಡಕ್ಕೆ ಔಷಧಗಳ ಹೆಸರು, ಬಲಕ್ಕೆ ಹೆಚ್ಚಾಗಿ ‘ಎಸ್’ ಇಲ್ಲವೇ ‘ಆರ್’. ‘ಎಸ್’ ಅಂದರೆ ರೋಗಾಣು ಆ ಔಷಧಕ್ಕೆ ಬಗ್ಗುತ್ತದೆ, ‘ಆರ್’ ಅಂದರೆ ಬಗ್ಗುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಹಟಮಾರಿ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ಮೇಲಿಂದ ಕೆಳಗಿನವರೆಗೂ ‘ಆರ್’ಗಳೇ. ಕೊನೆಗೆ ಉಳಿಯುವುದು ಅಮಿಕಾಸಿನ್‌ನಂಥ ಒಂದೋ ಎರಡೋ ಇಂಜೆಕ್ಷನ್. ಅದನ್ನು ಹೆಚ್ಚು ದಿನ ಕೊಡಲು ಮೂತ್ರಪಿಂಡ ಬಿಡುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ದಿನವಿಡೀ ಗಂಬೂಟಿನೊಳಗೆ ನೆನೆದ ಕಾಲು, ಇಂಬಳ ಕಚ್ಚಿ ಕೆರೆದ ಗಾಯ, ಅದರ ಮೇಲೆ ಹಿಡಿತ ತಪ್ಪಿದ ಸಕ್ಕರೆ. ಇಂಥ ಕಡೆ ಇರುವ ಔಷಧದ ಬಲ ಹೆಚ್ಚಿಸುವ ಯಾವ ದಾರಿಯನ್ನೂ ಸುಮ್ಮನೆ ತಳ್ಳಿಹಾಕಬಾರದು.

ಬೆಳ್ಳಿ ನಿನ್ನೆ ಮೊನ್ನೆಯದಲ್ಲ. 1881ರಲ್ಲಿ ಜರ್ಮನಿಯ ವೈದ್ಯ ಕ್ರೆಡೆ ಹಸುಗೂಸುಗಳ ಕಣ್ಣಿಗೆ ಶೇ 2ರ ಸಿಲ್ವರ್ ನೈಟ್ರೇಟ್ ಹನಿ ಹಾಕುವ ಕ್ರಮವನ್ನು ಪ್ರಕಟಿಸಿದರು. 1965ರಲ್ಲಿ ಮೋಯರ್ ಸುಟ್ಟ ಗಾಯಕ್ಕೆ ಶೇ 0.5ರ ದ್ರಾವಣ ತಂದರು, 1968ರಲ್ಲಿ ಫಾಕ್ಸ್ ಅದನ್ನು ಸಲ್ಫಾ ಔಷಧದ ಜೊತೆ ಸೇರಿಸಿ ಸಿಲ್ವರ್ ಸಲ್ಫಾಡೈಯಾಜಿನ್ ಮಾಡಿದರು. ಸುಟ್ಟರೆ ಹಚ್ಚುವ ಆ ಶೇ 1ರ ಬಿಳಿ ಕ್ರೀಮ್ ಇವತ್ತಿಗೂ ಊರೂರಿನ ಔಷಧ ಅಂಗಡಿಯಲ್ಲಿದೆ.

ಆಂಟಿಬಯಾಟಿಕ್ ಜೊತೆ ಏಕೆ ಎಂಬುದಕ್ಕೆ ಉತ್ತರ ಬ್ಯಾಕ್ಟೀರಿಯಾದ ಗೋಡೆಯಲ್ಲಿದೆ. ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್‌ನಂಥ ಗ್ರಾಂ-ನೆಗೆಟಿವ್ ಜಾತಿಗಳಿಗೆ ಹೊರಗೊಂದು ಪೊರೆ ಹೆಚ್ಚು. ವ್ಯಾಂಕೊಮೈಸಿನ್‌ನಂಥ ದೊಡ್ಡ ಅಣು ಆ ಪೊರೆಯ ಕಿಂಡಿಯಲ್ಲಿ ತೂರುವುದೇ ಇಲ್ಲ. ಬೆಳ್ಳಿಯ ಅಯಾನು ಕಿಣ್ವಗಳ ಗಂಧಕದ ತುದಿಗೆ ಅಂಟಿ ಉಸಿರಾಟದ ಸರಪಳಿಯನ್ನು ಕೆಡಿಸುತ್ತದೆ, ಪೊರೆಯನ್ನು ಸಡಿಲಿಸುತ್ತದೆ. ಬಾಸ್ಟನ್ ವಿಶ್ವವಿದ್ಯಾಲಯದ ಜೇಮ್ಸ್ ಕಾಲಿನ್ಸ್ ತಂಡ 2013ರಲ್ಲಿ ತೋರಿಸಿದ್ದು ಇದನ್ನೇ: ತಾನಾಗಿ ಕೊಲ್ಲಲಾರದಷ್ಟು ಕಡಿಮೆ ಬೆಳ್ಳಿ ಸೇರಿಸಿದರೂ ಆಂಟಿಬಯಾಟಿಕ್‌ನ ಹೊಡೆತ ಹೆಚ್ಚಿತು, ಒಳಗೇ ಹೋಗದ ವ್ಯಾಂಕೊಮೈಸಿನ್ ಒಳನುಗ್ಗಿತು. ಗಾಜಿನ ತಟ್ಟೆಯಲ್ಲಷ್ಟೇ ಅಲ್ಲ, ಇಲಿಗಳ ಮೂತ್ರದ ಸೋಂಕಿನಲ್ಲೂ ಹೊಟ್ಟೆಯ ಪೊರೆಯ ಸೋಂಕಿನಲ್ಲೂ ಜೋಡಿ ಕೆಲಸ ಮಾಡಿತು.

ಈ ಜೋಡಿಯನ್ನು ಅಳೆಯುವುದು ಚದುರಂಗದ ಮಣೆಯಂತೆ 96 ಗುಳಿಗಳ ತಟ್ಟೆಯಲ್ಲಿ. ಅಡ್ಡಸಾಲಿನಲ್ಲಿ ಆಂಟಿಬಯಾಟಿಕ್ ಅರ್ಧರ್ಧ ಇಳಿಯುತ್ತದೆ, ಉದ್ದಸಾಲಿನಲ್ಲಿ ಬೆಳ್ಳಿ. ಬೆಳ್ಳಿ ಒಂಟಿಯಾಗಿ 8 ಬೇಕಿದ್ದದ್ದು ಜೊತೆಯಲ್ಲಿ 2ಕ್ಕೆ ಸಾಕಾದರೆ ಕಾಲು ಭಾಗ. ಔಷಧ 32ರಿಂದ 8ಕ್ಕೆ ಇಳಿದರೆ ಅದೂ ಕಾಲು. ಎರಡೂ ಕೂಡಿ 0.5. ಮೊತ್ತ 0.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಾತ್ರ ನಿಜವಾದ ಜೊತೆಗಾರಿಕೆ. ವೈದ್ಯಕೀಯ ಕಾಲೇಜುಗಳ ಸೂಕ್ಷ್ಮಾಣು ವಿಭಾಗಗಳಲ್ಲಿ ಮಾಡಲಾಗದ ಕೆಲಸವೇನಲ್ಲ ಇದು. ನಮ್ಮ ಜಿಲ್ಲೆಗಳಲ್ಲಿ ಸಿಗುವ ತಳಿಗಳ ಮೇಲೇ ಮಾಡಿ ನೋಡಬೇಕು.

ಈಗ ಕೈಯಲ್ಲಿ ಮಾಡುವ ಕೆಲಸ. ಮೊದಲು ಸ್ವಾಬ್ (ಪರೀಕ್ಷೆಗೆ ಮಾದರಿ ತೆಗೆಯುವ ಹತ್ತಿಯ ಕಡ್ಡಿ), ಆಮೇಲೆ ಔಷಧ. ಗಾಯವನ್ನು ಸಲೈನ್‌ನಲ್ಲಿ (ಆಸ್ಪತ್ರೆಯ ಉಪ್ಪುನೀರು) ತೊಳೆದು, ಮೇಲಿನ ಕೀವು ಒರೆಸಿ, ಕೆಂಪಗೆ ಕಾಣುವ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಕಡ್ಡಿಯನ್ನು ಒತ್ತಿ 5 ಸೆಕೆಂಡ್ ತಿರುಗಿಸಬೇಕು. ಕೀವನ್ನೇ ಅದ್ದಿ ಕಳಿಸಿದರೆ ಮೇಲೆ ಬಿದ್ದ ಕಸದ ವರದಿ ಬರುತ್ತದೆ. ಸತ್ತ ಮಾಂಸ ಕೆತ್ತಿ ತೆಗೆಯುವವರೆಗೆ ಯಾವ ಬೆಳ್ಳಿಯೂ ಒಳಗಿಳಿಯುವುದಿಲ್ಲ. ನ್ಯಾನೊ ಬೆಳ್ಳಿಯ, ಅಂದರೆ ಅತಿಸಣ್ಣ ಬೆಳ್ಳಿ ಕಣಗಳ ಪಟ್ಟಿಯನ್ನು ಗಾಯಕ್ಕೆ ಹಾಕುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ: ಅದನ್ನು ಸಲೈನ್‌ನಲ್ಲಿ ನೆನೆಸುತ್ತಾರೆ. ಉಪ್ಪಿನ ಕ್ಲೋರೈಡ್ ತಾಗಿದ ಕೂಡಲೇ ಬೆಳ್ಳಿ ಬಿಳಿ ಸಿಲ್ವರ್ ಕ್ಲೋರೈಡ್ ಆಗಿ ಕೂತುಬಿಡುತ್ತದೆ. ತೊಳೆಯಲು ಸಲೈನ್, ಪಟ್ಟಿ ನೆನೆಸಲು ಸ್ಟೆರೈಲ್ (ರೋಗಾಣುವಿಲ್ಲದ) ವಾಟರ್. ಪೊವಿಡೋನ್ ಅಯೋಡಿನ್ ಹಚ್ಚಿದ ಗಾಯದ ಮೇಲೆ ಹಾಕಿದರೂ ಇದೇ ಗತಿ. ಎಣ್ಣೆ ಮುಲಾಮು ಕೆಳಗಿದ್ದರೆ ಬೆಳ್ಳಿ ದಾಟುವುದಿಲ್ಲ. ಪಟ್ಟಿಯ ಜಾತಿ ನೋಡಿ 3 ದಿನಕ್ಕೋ 7 ದಿನಕ್ಕೋ ಬದಲು. ಎಂಆರ್‌ಐ ಇದ್ದರೆ ಮುಂಚೆ ತೆಗೆಯಬೇಕು. ಎರಡು ವಾರ ಕಳೆದರೂ ಕೆಂಪು, ವಾಸನೆ, ಸ್ರಾವ ಇಳಿಯದಿದ್ದರೆ ಬೆಳ್ಳಿ ನಿಲ್ಲಿಸಿ. ತಿಂಗಳುಗಟ್ಟಲೆ ಕಟ್ಟುತ್ತ ಹೋಗುವುದು ಚಿಕಿತ್ಸೆಯಲ್ಲ, ಅಭ್ಯಾಸ. ಸಲ್ಫಾ ಅಲರ್ಜಿ ಇರುವವರಿಗೆ, ತುಂಬು ಗರ್ಭಿಣಿಗೆ, ಎರಡು ತಿಂಗಳೊಳಗಿನ ಮಗುವಿಗೆ ಆ ಬಿಳಿ ಕ್ರೀಮ್ ಬೇಡವೇ ಬೇಡ.

ಮನುಷ್ಯರ ಮೇಲೆ ಸಾಕ್ಷಿಯೇ ಇಲ್ಲ ಅನ್ನುವವರಿಗೆ 2008ರ ನ್ಯಾಸೆಂಟ್ ಪ್ರಯೋಗವಿದೆ. ವೆಂಟಿಲೇಟರ್‌ಗೆ ಜೋಡಿಸುವ ಗಂಟಲ ಕೊಳವೆಗೆ ಬೆಳ್ಳಿ ಲೇಪಿಸಿದಾಗ ನ್ಯುಮೋನಿಯಾ ಶೇ 7.5ರಿಂದ 4.8ಕ್ಕೆ ಇಳಿಯಿತು. ತಡೆದ ಪ್ರತಿ ನ್ಯುಮೋನಿಯಾ ಅಂದರೆ ಬಳಸದೆ ಉಳಿದ ಆಂಟಿಬಯಾಟಿಕ್. ಕಾಲಿನ ಹುಣ್ಣಿಗೆ ಬೆಳ್ಳಿ ಪಟ್ಟಿ ನಿಷ್ಪ್ರಯೋಜಕ ಎಂದ ಪ್ರಯೋಗಗಳು ಬಹುಪಾಲು ಕೇಳಿದ್ದು ‘ಗಾಯ ಬೇಗ ಮಾಯಿತೇ’ ಎಂದು. ಬಗ್ಗದ ಸೋಂಕು ಇದ್ದ ಗಾಯಗಳನ್ನೇ ಆರಿಸಿ, ಸರಿಯಾದ ಆಂಟಿಬಯಾಟಿಕ್ ಜೊತೆ ಕೊಟ್ಟು ನೋಡಿದಂತಲ್ಲ. ಅಂಥ ಪ್ರಯೋಗ ಮಾಡೋಣ, ಅಲ್ಲಿಯವರೆಗೆ ವೈದ್ಯರ ಕಣ್ಣೆದುರು, ಮೈಮೇಲಿನ ಗಾಯಕ್ಕೆ, ಲೆಕ್ಕ ಇಟ್ಟು ಬಳಸೋಣ ಎಂಬುದಷ್ಟೇ ವಾದ.

ವಿರೋಧ: ಮೈಯೆಲ್ಲ ಉಪ್ಪುನೀರು

ಸಲೈನ್ ತಾಗಿದರೆ ಬೆಳ್ಳಿ ಕೂತುಬಿಡುತ್ತದೆ ಎಂದು ಪರವಾದಿಗಳೇ ಒಪ್ಪಿದ್ದಾರೆ. ಒಳ್ಳೆಯದು, ಅಲ್ಲಿಂದಲೇ ಶುರುಮಾಡೋಣ. ರಕ್ತದಲ್ಲಿ ಲೀಟರಿಗೆ ಸುಮಾರು 3.5 ಗ್ರಾಂ ಕ್ಲೋರೈಡ್ ಇದೆ. ಗಾಯದ ಸ್ರಾವದಲ್ಲಿದೆ, ಮೂತ್ರದಲ್ಲಿದೆ, ಹೊಟ್ಟೆಯಲ್ಲಂತೂ ಹೈಡ್ರೋಕ್ಲೋರಿಕ್ ಆಮ್ಲವೇ. ಸಿಲ್ವರ್ ಕ್ಲೋರೈಡ್ ಕರಗುವ ಲೆಕ್ಕ ಹಾಕಿದರೆ ಅಷ್ಟು ಉಪ್ಪಿನಲ್ಲಿ ಬಿಡಿಯಾಗಿ ಉಳಿಯುವ ಬೆಳ್ಳಿ ಅಯಾನು ಲೀಟರಿಗೆ ಅರ್ಧ ಮೈಕ್ರೋಗ್ರಾಮೂ ಇಲ್ಲ. ಉಳಿದದ್ದನ್ನು ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ತನ್ನ ಗಂಧಕದ ತುದಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ತಟ್ಟೆಯಲ್ಲಿ ರೋಗಾಣು ತಡೆಯಲು ಬೇಕಾಗುವುದು ಲೀಟರಿಗೆ ಕೆಲವು ಮಿಲಿಗ್ರಾಂ. ಚಮಚದಲ್ಲಿ ಬೆಳ್ಳಿ ನೀರು ಕುಡಿದು ಮೂಳೆಯ ಸೋಂಕು ವಾಸಿಮಾಡುತ್ತೇನೆ ಅನ್ನುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಕುಡಿಯಲು ಬೇಡ, ಹಚ್ಚಲು ಮಾತ್ರ ಎಂಬ ಗೆರೆ ಕಾಗದದ ಮೇಲೆ ಚೆನ್ನಾಗಿದೆ. ಮನೆಯಲ್ಲಿ ಅದು ಮೊದಲ ವಾರವೇ ಅಳಿಸಿಹೋಗುತ್ತದೆ, ಏಕೆಂದರೆ ಮನೆಗೆ ಬರುವುದು ಪಟ್ಟಿಯಲ್ಲ, ಬೆಳ್ಳಿ ನೀರಿನ ಬಾಟಲಿ. ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸಿಲ್ಲವೇ, ಬೆಳ್ಳಿ ತಟ್ಟೆಯಲ್ಲಿ ಉಂಡಿಲ್ಲವೇ ಎಂಬ ಮಾತೂ ಜೊತೆಗೆ ಬರುತ್ತದೆ. ಒಳಲೆಯ ಗಟ್ಟಿ ಬೆಳ್ಳಿಯಿಂದ ಹಾಲಿಗೆ ಇಳಿಯುವುದು ಏನೂ ಇಲ್ಲವೆನ್ನುವಷ್ಟು. ಬಾಟಲಿಯ ಕಥೆ ಬೇರೆ.

ಆ ಬಾಟಲಿ ತಯಾರಾಗುವ ಬಗೆ ನೋಡಿ. 9 ವೋಲ್ಟಿನ ಮೂರು ಬ್ಯಾಟರಿ ಸಾಲಾಗಿ ಜೋಡಿಸಿ 27 ವೋಲ್ಟ್, ನೀರಿನಲ್ಲಿ ಎರಡು ಬೆಳ್ಳಿ ತಂತಿ. ಒಂದು ಮಿಲಿಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ತಂತಿಯಿಂದ ಬಿಡುವ ಬೆಳ್ಳಿ ಸುಮಾರು 4 ಮಿಲಿಗ್ರಾಂ. 400 ಮಿಲಿಲೀಟರ್ ನೀರಿಗೆ ಅದು 10 ಪಿಪಿಎಂ, ಅಂದರೆ ಲೀಟರಿಗೆ 10 ಮಿಲಿಗ್ರಾಂ. ಆದರೆ ಕರೆಂಟು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಶುದ್ಧ ನೀರಿನಲ್ಲಿ ಮೊದಲು ಹರಿಯುವುದೇ ಇಲ್ಲ, ಬೆಳ್ಳಿ ಕರಗಿದಂತೆ ತಾನೇ ಏರುತ್ತದೆ, ತಡೆಯುವ ಸರ್ಕ್ಯೂಟು ಇಲ್ಲದಿದ್ದರೆ ತಂತಿಗೆ ಕಪ್ಪು ಜುಂಗು ಬೆಳೆದು ಕಣಗಳು ಗಂಟುಕಟ್ಟುತ್ತವೆ. ಬೆಳ್ಳಿ ಅಂಗಡಿಯ ತಂತಿ ಹೆಚ್ಚಾಗಿ 92.5ರ ಮಾಲು, ಉಳಿದದ್ದು ತಾಮ್ರ, ಅದೂ ನೀರಿಗಿಳಿಯುತ್ತದೆ. ಇನ್ವರ್ಟರ್ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬ್ಯಾಟರಿಗೆ ಸಾಕು, ಗಾಯಕ್ಕೆ ಬೇಕಾದ ಸ್ಟೆರೈಲ್ ನೀರಲ್ಲ. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರನ್ನೇ ಬಳಸಿದರೆ ತಂತಿಯಿಂದ ಬಿಳಿ ಹೊಗೆಯಂತೆ ಇಳಿಯುವುದು ಸಿಲ್ವರ್ ಕ್ಲೋರೈಡ್. ಟಿಡಿಎಸ್ ಮೀಟರ್ ಅದ್ದಿ ‘10 ಬಂತು’ ಅಂದುಕೊಳ್ಳುವವರಿದ್ದಾರೆ. ಆ ಮೀಟರ್ ಅಳೆಯುವುದು ಅಯಾನುಗಳನ್ನು, ಕಣಗಳನ್ನಲ್ಲ. ಅಂದಹಾಗೆ ಕೊಲಾಯ್ಡಲ್ ಎಂದು ಹೆಸರಿಟ್ಟ ಈ ಬಣ್ಣವಿಲ್ಲದ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ನೋಡಿ. ಮಜ್ಜಿಗೆ ನೀರಿನಂತೆ ಬೆಳ್ಳಗಾದರೆ ಅದರಲ್ಲಿದ್ದದ್ದು ಹೆಚ್ಚಿನಂಶ ಅಯಾನು. ನಿಜವಾದ ಸಣ್ಣ ಕಣಗಳ ಕೊಲಾಯ್ಡ್ ಹಳದಿ.

ಇನ್ನು ‘ಆಂಟಿಬಯಾಟಿಕ್ ಜೊತೆ’ ಎಂಬ ಮಾತು. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಗುಳಿಗೆಗಳು ಹೊಟ್ಟೆಯಲ್ಲಿ ಲೋಹ ಸಿಕ್ಕರೆ ಅದಕ್ಕೆ ಅಂಟಿಕೊಳ್ಳುವ ಜಾತಿಯವು. ಹಾಲು, ಕಬ್ಬಿಣದ ಮಾತ್ರೆ ಜೊತೆ ನುಂಗಬೇಡಿ ಅನ್ನುವುದು ಅದಕ್ಕೇ. ಬೆಳ್ಳಿಯೂ ಅವುಗಳ ಹೀರಿಕೆ ಕಡಿಮೆ ಮಾಡಬಲ್ಲದು, ಥೈರಾಯ್ಡ್ ಮಾತ್ರೆಯದ್ದೂ ಹಾಗೇ. ಬಲ ತುಂಬಲು ಬಂದವನು ಬುತ್ತಿಯನ್ನೇ ಕಸಿದುಕೊಂಡಂತೆ. ರೋಗಾಣುವಿಗೆ ಅರೆಹೊಟ್ಟೆ ಔಷಧ ಸಿಕ್ಕರೆ ಅದು ಸಾಯುವುದಿಲ್ಲ, ಕಲಿಯುತ್ತದೆ.

ಮೈಗೆ ಆಗುವುದೇನು? ಅಮೆರಿಕದ ಪರಿಸರ ಸಂಸ್ಥೆಯ ಮಿತಿ ದೇಹತೂಕದ ಕಿಲೋಗೆ ದಿನಕ್ಕೆ 5 ಮೈಕ್ರೋಗ್ರಾಂ. 50 ಕಿಲೋ ತೂಕದ ತೋಟದ ಕೆಲಸಗಾರ್ತಿಗೆ 250. ಬಾಟಲಿ ನಿಜಕ್ಕೂ 10 ಪಿಪಿಎಂ ಆಗಿದ್ದರೆ ಅದು 25 ಮಿಲಿಲೀಟರ್. ಕೈಲೆಕ್ಕ ತಪ್ಪಿ 100 ಆಗಿದ್ದರೆ ಅರ್ಧ ಟೀಚಮಚಕ್ಕೇ ಮಿತಿ ಮುಗಿಯಿತು. ಮಿತಿ ಮೀರಿದ ಬೆಳ್ಳಿ ಚರ್ಮದಲ್ಲಿ ಕೂತು ಬಿಸಿಲಿಗೆ ನೀಲಿ-ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಆರ್ಜೀರಿಯಾ ಅನ್ನುತ್ತಾರೆ, ಬಂದರೆ ಹೋಗುವುದಿಲ್ಲ. ಮೊಂಟಾನಾದ ಸ್ಟಾನ್ ಜೋನ್ಸ್ 2000ನೇ ಇಸವಿಯಲ್ಲಿ ಕಂಪ್ಯೂಟರುಗಳು ಕೆಟ್ಟು ಆಂಟಿಬಯಾಟಿಕ್ ಸಿಗದೇಹೋದೀತು ಎಂದು ಮನೆಯಲ್ಲೇ ಬೆಳ್ಳಿ ನೀರು ಮಾಡಿ ಕುಡಿದರು. 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಾಗ ಅವರ ಮುಖ ನೀಲಿಯಾಗಿತ್ತು. ಮಾರಾಟಕ್ಕಿರುವ ಕೊಲಾಯ್ಡಲ್ ಸಿಲ್ವರ್ ಔಷಧಗಳು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಒಪ್ಪಲಾಗದು ಎಂದು ಅಮೆರಿಕದ ಔಷಧ ಇಲಾಖೆ 1999ರಲ್ಲೇ ಹೇಳಿತ್ತು.

ಸರಿ, ಗಾಯಕ್ಕಾದರೂ? ಇಲ್ಲಿ ಪರವಾದ ಗಟ್ಟಿಯಾಗಿದೆ, ಆದರೂ ಸಾಲದು. 2009ರ ವಲ್ಕನ್ ಪ್ರಯೋಗದಲ್ಲಿ ಕಾಲಿನ ಹುಣ್ಣಿದ್ದ 213 ಜನರಲ್ಲಿ ಬೆಳ್ಳಿ ಪಟ್ಟಿ ಸಾದಾ ಪಟ್ಟಿಗಿಂತ ಮೇಲೆನಿಸಲಿಲ್ಲ, ಖರ್ಚು ಮಾತ್ರ ಹೆಚ್ಚಿತು. ಸೋಂಕಿನ ಪ್ರಶ್ನೆ ಬೇರೆ ಅನ್ನುತ್ತೀರಾ? ಮಧುಮೇಹದ ಪಾದದ ಅಂತರರಾಷ್ಟ್ರೀಯ ಮಾರ್ಗಸೂಚಿ 2023ರಲ್ಲಿ ಸೋಂಕಿನ ಬಗ್ಗೆಯೇ ಹೇಳಿದೆ: ಆಂಟಿಬಯಾಟಿಕ್ ಜೊತೆಗೆಂದು ಬೆಳ್ಳಿ ಬಳಸಬೇಡಿ. ಗಂಟಲ ಕೊಳವೆಯ ನ್ಯಾಸೆಂಟ್ ತೋರಿಸಿದವರು ಮೂತ್ರದ ಕೊಳವೆಯ 2012ರ ಬ್ರಿಟನ್ ಪ್ರಯೋಗವನ್ನು ಬಿಟ್ಟಿದ್ದಾರೆ. 7,102 ರೋಗಿಗಳು, ಬೆಳ್ಳಿ ಲೇಪದ ಕ್ಯಾತಿಟರ್‌ನಲ್ಲಿ ಸೋಂಕು ಶೇ 12.5, ಸಾದಾ ಕೊಳವೆಯಲ್ಲಿ 12.6.

ನಿಜವಾಗಿ ಹೆದರಿಸುವುದು ಇನ್ನೊಂದು. 1975ರಲ್ಲಿ ಬಾಸ್ಟನ್ನಿನ ಸುಟ್ಟಗಾಯದ ವಾರ್ಡಿನಲ್ಲಿ ಸಿಲ್ವರ್ ನೈಟ್ರೇಟಿಗೂ ಜಗ್ಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿದ್ದು ವರದಿಯಾಯಿತು. ಬೆಳ್ಳಿಯನ್ನು ಹಿಡಿದು ಹೊರಗೆ ಪಂಪು ಮಾಡುವ ಅದರ ‘ಸಿಲ್’ ಜೀನುಗಳು ಕೂತಿದ್ದದ್ದು ಒಂದು ಪ್ಲಾಸ್ಮಿಡ್ ಮೇಲೆ, ಅಂದರೆ ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಬಲ್ಲ ಜೀನಿನ ಬಳೆ. ಅದೇ ಬಳೆಯಲ್ಲಿ ಆಂಪಿಸಿಲಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಮೀರುವ ಜೀನುಗಳೂ ಇದ್ದವು. ಬೆಳ್ಳಿ ಹಚ್ಚಿದರೆ ಬದುಕುಳಿಯುವುದು ಆ ಬಳೆ ತೊಟ್ಟ ತಳಿ; ಒಂದು ಹನಿ ಆಂಟಿಬಯಾಟಿಕ್ ಕೊಡದೆಯೂ ಅದರ ಸಂತತಿ ಹೆಚ್ಚಿತು. ‘ಕೊಲ್ಲಲಾರದಷ್ಟು ಕಡಿಮೆ ಬೆಳ್ಳಿ’ ಎಂದು ಪರವಾದಿಗಳು ಮೆಚ್ಚಿದ ಪ್ರಮಾಣವೇ ಇಂಥ ತಳಿ ಆರಿಸಲು ಹೇಳಿಮಾಡಿಸಿದ್ದು. ಅಯಾನಿನ ಬದಲು ಬೆಳ್ಳಿ ಕಣಗಳಾದರೆ ಈ ಕಾಟ ತಪ್ಪಿತೇ ಅಂದರೆ ಅದೂ ಇಲ್ಲ: 2018ರಲ್ಲಿ ಚೆಕ್ ವಿಜ್ಞಾನಿಗಳು ಇ. ಕೋಲಿ ತನ್ನ ಬಾಲದ ಪ್ರೋಟೀನಾದ ಫ್ಲಾಜೆಲಿನ್ ಹೊರಬಿಟ್ಟು ಬೆಳ್ಳಿ ಕಣಗಳನ್ನು ಗಂಟುಕಟ್ಟಿಸಿ ಕೆಡವುವುದನ್ನು ತೋರಿಸಿದರು. ಮೇಲಾಗಿ ಕಲ್ಚರ್ ವರದಿಯಲ್ಲಿ ಬೆಳ್ಳಿಗೆ ಸಾಲೇ ಇಲ್ಲ. ಎಷ್ಟಕ್ಕೆ ‘ಎಸ್’, ಎಷ್ಟಕ್ಕೆ ‘ಆರ್’ ಎಂಬ ಒಪ್ಪಿತ ಗಡಿಯೇ ಇಲ್ಲದ್ದನ್ನು ಲ್ಯಾಬಿನವರು ಬರೆಯುವುದು ಹೇಗೆ? ಜೊತೆಗಾರಿಕೆ ಕೆಟ್ಟಿತು ಎಂದು ಗೊತ್ತಾಗುವುದು ಗಾಯ ಕಪ್ಪಾದ ಮೇಲೆ.

ಪಟ್ಟಿಗೆ ಸುರಿಯುವ ದುಡ್ಡಿನಲ್ಲಿ ಆಗಬೇಕಾದ ಕೆಲಸಗಳು ಬೇಸರ ಹುಟ್ಟಿಸುವಷ್ಟು ಸಾದಾ: ಪಾದದ ನಾಡಿ ನೋಡುವುದು, ಹುಣ್ಣಿನ ಮೇಲೆ ಭಾರ ಬೀಳದಂತೆ ಚಪ್ಪಲಿ ಕೊರೆಸುವುದು, ಕಡ್ಡಿಗೆ ಮೂಳೆ ತಾಗುತ್ತದೆಯೇ ಎಂದು ಪರೀಕ್ಷಿಸುವುದು, ಸಕ್ಕರೆ ಇಳಿಸುವುದು.

ಕೊನೆಗೆ ಕೊಟ್ಟಿಗೆಯ ಮಾತು, ಚನ್ನರಾಯಪಟ್ಟಣದ ಕಡೆಯವರಿಗೆ ಹೇಳಲೇಬೇಕು. ಕೆಚ್ಚಲುಬಾವು ಇಂಜೆಕ್ಷನ್ನಿಗೆ ಬಗ್ಗಲಿಲ್ಲವೆಂದು ಮೊಲೆತೊಟ್ಟಿನ ತೂತಿನಲ್ಲಿ ಬೆಳ್ಳಿ ನೀರು ಏರಿಸಲು ಹೋಗಬೇಡಿ. ತೊಟ್ಟಿನ ತುದಿಯಲ್ಲಿ ರೋಗಾಣು ತಡೆಯುವ ಕೆರಾಟಿನ್ ಬಿರಡೆ ಇದೆ. ಸಿರಿಂಜಿನ ಮೂತಿ ಅದನ್ನು ಕಿತ್ತು, ಸ್ಟೆರೈಲ್ ಅಲ್ಲದ ನೀರಿನ ಜೊತೆ ಸ್ಯೂಡೊಮೊನಾಸನ್ನೋ ಯೀಸ್ಟನ್ನೋ ನೇರ ಒಳಗೆ ಬಿಡುತ್ತದೆ. ಅವು ಮೊದಲಿನ ಕೆಚ್ಚಲುಬಾವಿಗಿಂತ ಕೆಟ್ಟವು. ಕೆಚ್ಚಲಿಗೆ ಏರಿಸುವ ಆಂಟಿಬಯಾಟಿಕ್ ಟ್ಯೂಬಿನ ಮೇಲೆ ಎಷ್ಟು ದಿನ ಹಾಲನ್ನು ಸೊಸೈಟಿಗೆ ಹಾಕಬಾರದು ಎಂದು ಅಚ್ಚಾಗಿರುತ್ತದೆ. ಮನೆಯಲ್ಲಿ ಮಾಡಿದ ಬೆಳ್ಳಿ ನೀರಿಗೆ ಆ ಲೆಕ್ಕ ಹೇಳುವವರು ಯಾರೂ ಇಲ್ಲ.