ಈರುಳ್ಳಿ ತಿನ್ನಿಸಲು ಪರವಾನಗಿ

ಬ್ರಿಟನ್ನಿನಲ್ಲಿ ವೇದಿಕೆ ಮೇಲೆ ಒಬ್ಬನನ್ನು ಸಮ್ಮೋಹನಗೊಳಿಸಿ, ಈರುಳ್ಳಿಯನ್ನು ಸೇಬೆಂದು ನಂಬಿಸಿ ತಿನ್ನಿಸಬೇಕಾದರೆ ಸ್ಥಳೀಯ ಆಡಳಿತದ ಅಪ್ಪಣೆ ಬೇಕು. 1952ರ ಹಿಪ್ನಾಟಿಸಂ ಕಾಯ್ದೆಯ ಪ್ರಕಾರ ಅಪ್ಪಣೆಯಿಲ್ಲದೆ ಹೀಗೆ ವೇದಿಕೆ ಮೇಲೆ ಮಂಪರು ಬರಿಸುವುದು ಅಪರಾಧ. ಆಗಿನ್ನೂ ಜನ ಸಕ್ಕರೆಗೂ ಮಾಂಸಕ್ಕೂ ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಮಂಪರಿಗೂ ಒಂದು ಲೆಕ್ಕ ಇರಲಿ ಅಂದುಕೊಂಡಿರಬೇಕು ಸರ್ಕಾರ.

1996ರಲ್ಲಿ ಗೃಹ ಇಲಾಖೆ ಪರವಾನಗಿಗೆ ಮಾದರಿ ಷರತ್ತುಗಳನ್ನೂ ಹೊರಡಿಸಿತು. ಮನುಷ್ಯನನ್ನು ಎರಡು ಆಸರೆಗಳ ನಡುವೆ ಹಲಗೆಯಂತೆ ಮಲಗಿಸುವಂತಿಲ್ಲ. ನಿನ್ನ ಕೈಯೋ ಕಾಲೋ ಕಳೆದುಹೋಗಿದೆ ಎಂದು ಹೆದರಿಸುವಂತಿಲ್ಲ. ಚರ್ಮಕ್ಕೆ ಸೂಜಿ ಚುಚ್ಚಿ ನೋವಿಲ್ಲ ನೋಡಿ ಎಂದು ತೋರಿಸುವಂತಿಲ್ಲ. ವಯಸ್ಸನ್ನು ಹಿಂದಕ್ಕೆ ಓಡಿಸಿ ಬಾಲ್ಯಕ್ಕೆ ಕರೆದೊಯ್ಯುವುದೂ ನಿಷಿದ್ಧ. ಅದೇನಿದ್ದರೂ ಮುಖಕ್ಕೆ ಹಚ್ಚುವ ಕ್ರೀಮು ಮಾರುವವರಿಗೆ ಮೀಸಲು. ಆಟ ಮುಗಿಯುವ ಮೊದಲು ಎಲ್ಲರ ತಲೆಯಿಂದಲೂ ಎಲ್ಲ ಸೂಚನೆಗಳನ್ನು ಸಂಪೂರ್ಣ ತೆಗೆದುಹಾಕಬೇಕು. ತೆಗೆದಾಯಿತೇ ಇಲ್ಲವೇ ಎಂದು ಯಾವ ಗುಮಾಸ್ತ ಯಾರ ತಲೆಯೊಳಗೆ ಇಣುಕಿ ಸಹಿ ಹಾಕುತ್ತಾನೋ!

ಇಷ್ಟೆಲ್ಲ ಕಾವಲು ಹಾಕಿದ್ದು ಯಾವ ಮಾಯಾಶಕ್ತಿಗೆ? ಆಟ ಶುರುವಾಗುವುದೇ ಸೋಸುವುದರಿಂದ. ಬೆರಳುಗಳನ್ನು ಹೆಣೆದುಕೊಳ್ಳಿ, ಇನ್ನು ಬಿಡಿಸಲಾಗದು ಎನ್ನುತ್ತಾನೆ ಸಮ್ಮೋಹನಕಾರ. ಸಲೀಸಾಗಿ ಬಿಡಿಸಿಕೊಂಡವರು ನಯವಾಗಿ ತಮ್ಮ ಕುರ್ಚಿಗೆ ವಾಪಸು. ಉಳಿದವರು ಒಂದೋ ಹೇಳಿದ್ದನ್ನು ಬೇಗ ನಂಬುವವರು, ಇಲ್ಲವೇ ಮನೆಯಿಂದಲೇ ಕುಣಿಯಲು ತಯಾರಾಗಿ ಬಂದವರು. ಕಚೇರಿಯವರೆಲ್ಲ ಟಿಕೆಟ್ ಕೊಟ್ಟು ಕೂತು ಚಪ್ಪಾಳೆ ತಟ್ಟುತ್ತಿರುವಾಗ "ಸ್ವಾಮಿ, ನನಗೆ ನಿದ್ದೆಯೇ ಬಂದಿಲ್ಲ" ಅನ್ನುವುದಕ್ಕಿಂತ ಕೊಕ್ಕೊಕ್ಕೋ ಎಂದು ಕೋಳಿಯಾಗುವುದು ಸುಲಭ. ಮರುದಿನ ಕೇಳಿದವರಿಗೆ ಉತ್ತರವೂ ಸಿದ್ಧ: ನನಗೇನೂ ನೆನಪಿಲ್ಲಪ್ಪ.

1965ರಲ್ಲಿ ಮಾರ್ಟಿನ್ ಓರ್ನ್ ಮತ್ತು ಫ್ರೆಡೆರಿಕ್ ಇವಾನ್ಸ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಸಮ್ಮೋಹನಕ್ಕೆ ಒಳಗಾದವರು ಆಮ್ಲಕ್ಕೆ ಕೈ ಹಾಕಿ ನಾಣ್ಯ ತೆಗೆ ಎಂದರೆ ಹಾಕಿದರು. ಅಬ್ಬಾ, ಎಂಥ ಶಕ್ತಿ! ಆದರೆ ಸಮ್ಮೋಹನ ಆದಂತೆ ನಟಿಸಲು ಹೇಳಿದವರೂ ಹಾಕಿದರು. ಯಾವ ಮಂಪರೂ ಇಲ್ಲದ ಸಾಧಾರಣ ಜನರಲ್ಲೂ ಬಹುಪಾಲು, ಸ್ವಲ್ಪ ಒತ್ತಾಯಿಸಿದರೆ, ಹಾಕಿದರು. ಪ್ರಯೋಗಾಲಯದವರು ಹೇಳಿದ್ದಾರಲ್ಲ, ಅನಾಹುತ ಆಗಲು ಬಿಡುವುದಿಲ್ಲ ಎಂಬ ನಂಬಿಕೆ ಅವರದು. ಈ ಲೆಕ್ಕದಲ್ಲಿ ಪರವಾನಗಿ ಬೇಕಿದ್ದದ್ದು ಸಮ್ಮೋಹನಕ್ಕಲ್ಲ, ಬಿಳಿ ಕೋಟಿಗೆ.

ಕಾಯ್ದೆಯ ಅಸಲಿ ಸೊಗಸು ಅದರ ವಿನಾಯಿತಿಯಲ್ಲಿದೆ. ಮನರಂಜನೆಗಾಗಿ ಸಮ್ಮೋಹನ ಮಾಡಿದರೆ ಮಾತ್ರ ಈ ಕಟ್ಟುಪಾಡು. ಕಾಯಿಲೆ ವಾಸಿ ಮಾಡಲೆಂದು ಮಾಡಿದರೆ ಇದರ ಕಾಟವಿಲ್ಲ. ಹಿಪ್ನೋಥೆರಪಿಸ್ಟ್, ಅಂದರೆ ಸಮ್ಮೋಹನ ಚಿಕಿತ್ಸಕ, ಎಂದು ಕರೆದುಕೊಳ್ಳಲು ಅಲ್ಲಿ ಇಂಥದ್ದೇ ತರಬೇತಿ ಆಗಿರಬೇಕೆಂಬ ಕಾನೂನೂ ಇಲ್ಲ. ನಮ್ಮ ಲೈಟು ಕಂಬಗಳ ಮೇಲೆ "ಸ್ತ್ರೀ ಪುರುಷ ವಶೀಕರಣ, ಒಂದೇ ಫೋನಿನಲ್ಲಿ ಪರಿಹಾರ" ಎಂಬ ಚೀಟಿ ಅಂಟಿಸುವ ಗುರೂಜಿಗಳು ಇದನ್ನು ಗಮನಿಸಬೇಕು. ಲಂಡನ್ನಿನಲ್ಲಿ ಅವರಿಗೆ ಭವಿಷ್ಯವಿದೆ.

ಇನ್ನೂರು ಜನರ ಕಣ್ಣೆದುರು, ದೀಪದ ಬೆಳಕಿನಲ್ಲಿ, ಕೋಳಿ ಕೂಗಿಸುವವನಿಗೆ ಷರತ್ತುಗಳ ಪಟ್ಟಿ. ಅವನ ಪರವಾನಗಿ ರದ್ದಾಯಿತೆನ್ನಿ. ಮಾರನೇ ದಿನವೇ ಅದೇ ಬೀದಿಯಲ್ಲೊಂದು ಕೋಣೆ ಬಾಡಿಗೆ ಹಿಡಿದು, ಬಾಗಿಲು ಮುಚ್ಚಿ, ಪರದೆ ಎಳೆದು, ಖಿನ್ನತೆಯಿಂದ ನರಳುವವರನ್ನು ಒಬ್ಬೊಬ್ಬರನ್ನಾಗಿ ಸೋಫಾದ ಮೇಲೆ ಮಲಗಿಸಿ, ಗಂಟೆಗಿಷ್ಟು ಎಂದು ಎಣಿಸಿಕೊಳ್ಳಬಹುದು. ಯಾರನ್ನೂ ನಗಿಸದಿದ್ದರೆ ಸಾಕು.