ಕೂಸಿನ ಬಟ್ಟೆ ಬಿಚ್ಚಿ ಒಮ್ಮೆ ಸರಿಯಾಗಿ ನೋಡ್ರಿ

ಹೆರಿಗೆ ಕೋಣೆಯ ಹೊರಗೆ ನಿಂತವರೆಲ್ಲ ಮೊದಲು ಕೇಳುವುದು "ಗಂಡೋ ಹೆಣ್ಣೋ" ಅಂತ. ನೋಡಿದ ಕೂಡಲೇ ಹೇಳಲಿಕ್ಕೆ ಬಾರದ ಕೂಸುಗಳೂ ಹುಟ್ಟುತ್ತವೆ. ಆಗ ನಮ್ಮ ಕಲಬುರಗಿ, ಯಾದಗಿರಿ ಕಡೆ ಅದನ್ನು ಮುಚ್ಚಿಡುತ್ತಾರೆ, "ಗ್ರಹಣದಾಗ ಹೊರಗ ಬಂದಿದ್ಳು" ಅಂತ ಹಡೆದಾಕಿಯ ಮೇಲೆ ಹಾಕುತ್ತಾರೆ. ಇದು ಶುದ್ಧ ಅನ್ಯಾಯ.

ಗರ್ಭ ನಿಂತ ಏಳನೇ ವಾರದ ಹೊತ್ತಿಗೆ ಎಲ್ಲ ಭ್ರೂಣಕ್ಕೂ ಗಂಡಿನ ನಾಳ, ಹೆಣ್ಣಿನ ನಾಳ ಎರಡೂ ಇರುತ್ತವೆ. ತಂದೆಯಿಂದ ಬಂದ ವೈ ಕ್ರೋಮೋಸೋಮಿನಲ್ಲಿ ಎಸ್‌ಆರ್‌ವೈ ಎಂಬ ಜೀನ್ ಇದೆ, 1990ರಲ್ಲಿ ಪತ್ತೆಯಾದದ್ದು. ಏಳನೇ ವಾರದ ಹೊತ್ತಿಗೆ ಅದು ವೃಷಣದ ಬೆಳವಣಿಗೆ ಶುರು ಮಾಡಿಸುತ್ತದೆ. ವೃಷಣದ ಒಂದು ಹಾರ್ಮೋನು ಹೆಣ್ಣಿನ ನಾಳವನ್ನು ಕರಗಿಸುತ್ತದೆ. ಇನ್ನೊಂದು, ಟೆಸ್ಟೋಸ್ಟಿರಾನ್, ಗಂಡಿನ ನಾಳವನ್ನು ಉಳಿಸಿ ವೀರ್ಯನಾಳ ಮಾಡುತ್ತದೆ. ಅದೇ ಟೆಸ್ಟೋಸ್ಟಿರಾನ್ ಇನ್ನೂ ಬಲವಾದ ರೂಪಕ್ಕೆ ತಿರುಗಿದಾಗ ಹೊರಗಿನ ಶಿಶ್ನ, ವೃಷಣಚೀಲ ಮೂಡುತ್ತವೆ. ಇವು ಇಲ್ಲದಿದ್ದರೆ ಹೆಣ್ಣಿನ ನಾಳಗಳು ಕೂಡಿ ಗರ್ಭಕೋಶವಾಗುತ್ತವೆ. ಇದರಲ್ಲಿ ಗ್ರಹಣಕ್ಕೆ ಎಲ್ಲಿ ಜಾಗ?

ಹೀಗೆ ಗುರುತು ಸಿಗದಿರುವ ಕಾರಣಗಳಲ್ಲಿ ಎಲ್ಲಕ್ಕಿಂತ ಹೆದರಬೇಕಾದದ್ದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟುದೋಷ. ಒಂದು ಕಿಣ್ವ ಕಡಿಮೆಯಾಗಿ, ಬದುಕಿಗೆ ಬೇಕೇಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ಸಾಕಷ್ಟು ತಯಾರಾಗುವುದಿಲ್ಲ, ಅದಕ್ಕೆ ಬೇಕಾದ ಸರಕೆಲ್ಲ ಗಂಡಿನ ಹಾರ್ಮೋನಾಗಿ ಹೋಗುತ್ತದೆ. ಹೆಣ್ಣು ಕೂಸಿಗೆ ಒಳಗೆ ಗರ್ಭಕೋಶ, ಅಂಡಾಶಯ ಸರಿಯಾಗಿದ್ದರೂ ಹೊರಗೆ ಗಂಡಿನ ಹಾಗೆ ಕಾಣುತ್ತದೆ. ಅದಕ್ಕೇ, ಗಂಡು ಅಂತ ಕಂಡರೂ ಚೀಲದಲ್ಲಿ ಒಂದೂ ಬೀಜ (ವೃಷಣ) ಕೈಗೆ ಸಿಗದಿದ್ದರೆ ತಪಾಸಣೆ ಆಗದೆ ಮನೆಗೆ ಒಯ್ಯಬೇಡಿ. ಇಂಥ ಬಹಳಷ್ಟು ಕೂಸುಗಳ ಮೈಯಿಂದ ಉಪ್ಪು ಸೋರಿಹೋಗುತ್ತದೆ. ಒಂದರಿಂದ ಮೂರು ವಾರದೊಳಗೆ ವಾಂತಿ, ಹಾಲು ಬಿಡುವುದು, ತೂಕ ಇಳಿಯುವುದು. ಬೇಸಿಗೆಯಲ್ಲಿ "ಝಳ ಬಡದದ" ಅಂದುಕೊಂಡು ಕೂತರೆ ಕೂಸು ಕೈತಪ್ಪುತ್ತದೆ. ಗಂಡು ಕೂಸಿಗೂ ಈ ದೋಷ ಬರುತ್ತದೆ, ಹೊರಗೆ ಗುರುತೇ ಇರುವುದಿಲ್ಲ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, 17-ಹೈಡ್ರಾಕ್ಸಿ ಪ್ರೊಜೆಸ್ಟಿರಾನ್ (ಈ ದೋಷವಿದ್ದರೆ ಏರುವ ಹಾರ್ಮೋನು) ನೋಡಿಸಬೇಕು. ಹೈಡ್ರೊಕಾರ್ಟಿಸೋನ್, ಫ್ಲುಡ್ರೊಕಾರ್ಟಿಸೋನ್, ಜೊತೆಗೆ ಉಪ್ಪು ಕೊಟ್ಟರೆ ಕೂಸು ಬದುಕುತ್ತದೆ, ಆದರೆ ಔಷಧ ಜೀವನಪೂರ್ತಿ.

ತಾಯಿ ತಂದೆ ಇಬ್ಬರಲ್ಲೂ ಒಂದೊಂದು ದೋಷದ ಜೀನ್ ಇದ್ದಾಗ ಪ್ರತಿ ಬಸಿರಿನಲ್ಲೂ ನಾಲ್ಕಕ್ಕೆ ಒಂದರ ಸಂಭವ. ಅಕ್ಕನ ಮಗಳು, ಸೋದರಮಾವನ ಮಗಳನ್ನು ತಂದುಕೊಳ್ಳುವ ನಮ್ಮ ರೂಢಿಯಲ್ಲಿ ಆ ಜೋಡಿ ಕೂಡುವುದು ಹೆಚ್ಚು. ಹಿಂದಿನ ಕೂಸು ಮೊದಲ ತಿಂಗಳಲ್ಲೇ ಕಾರಣ ಗೊತ್ತಾಗದೆ ತೀರಿಕೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳ್ರಿ.

ಒಂದೇ ಬೀಜ ಇಳಿಯದಿದ್ದರೆ ಅಷ್ಟು ಅವಸರವಿಲ್ಲ, ಆರು ತಿಂಗಳು ಕಾಯಬಹುದು. ಆಮೇಲೆ ತಾನಾಗಿ ಇಳಿಯುವುದು ಅಪರೂಪ. ಒಂದೂವರೆ ವರ್ಷದೊಳಗೆ ಆಪರೇಷನ್ ಆಗಬೇಕು. ಹೊಟ್ಟೆಯ ಬಿಸಿಯಲ್ಲಿ ಉಳಿದ ಬೀಜ ಕೆಡುತ್ತದೆ, ಮುಂದೆ ಕ್ಯಾನ್ಸರಿನ ಅಪಾಯವೂ ಹೆಚ್ಚು.

ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಬದಿಯಲ್ಲಿದ್ದರೆ ಖತ್ನಾ (ಶಿಶ್ನದ ಮುಂದೊಗಲು ಕತ್ತರಿಸುವುದು) ಮಾಡಿಸಬೇಡಿ. ರಂಧ್ರವನ್ನು ಸರಿಪಡಿಸುವಾಗ ಸರ್ಜನ್ನರಿಗೆ ಬೇಕಾಗುವುದು ಆ ಮುಂದೊಗಲೇ.